ತ್ರಿಕೋನಮಿತೀಯ ಫಲನಗಳ ಕ್ರಾಂತಿಕ ಬಿಂದುಗಳು

ಕಲನಶಾಸ್ತ್ರದಲ್ಲಿ ಒಂದು ಫಲನದ ಕ್ರಾಂತಿಕ ಬಿಂದು ಎಂದರೆ, ಆ ಫಲನದ ಕ್ಷೇತ್ರಕ್ಕೆ ಸೇರಿದ್ದು, ನಿಷ್ಪನ್ನವು ಶೂನ್ಯವಾಗುವ ಅಥವಾ ನಿಷ್ಪನ್ನವೇ ಇಲ್ಲದಿರುವ ಬಿಂದು. ಇದನ್ನು ನಿರ್ಣಾಯಕ ಬಿಂದು ಎಂದೂ ಕರೆಯುವುದುಂಟು. ಸೈನ್, ಕೊಸೈನ್, ಟ್ಯಾಂಜೆಂಟ್ ಮೊದಲಾದ ತ್ರಿಕೋನಮಿತೀಯ ಫಲನಗಳಲ್ಲಿಯೂ ಅವುಗಳಿಂದ ರಚಿತವಾದ ಮಿಶ್ರ ಫಲನಗಳಲ್ಲಿಯೂ ಈ ಬಿಂದುಗಳನ್ನು ಗುರುತಿಸುವುದು ಪದವಿಪೂರ್ವ ಹಾಗೂ ಪದವಿ ತರಗತಿಗಳ ಗಣಿತದ ಒಂದು ಮುಖ್ಯ ಭಾಗವಾಗಿದೆ. ಫಲನದ ಗರಿಷ್ಠ ಮತ್ತು ಕನಿಷ್ಠ ಬೆಲೆಗಳನ್ನು ಕಂಡುಹಿಡಿಯಲು, ಅದರ ನಕ್ಷೆಯನ್ನು ಎಳೆಯಲು, ಏರಿಕೆ–ಇಳಿಕೆಗಳನ್ನು ತಿಳಿಯಲು ಇದೇ ಮೊದಲ ಮೆಟ್ಟಿಲು.

ತ್ರಿಕೋನಮಿತೀಯ ಫಲನಗಳು ಆವರ್ತಕ ಫಲನಗಳಾದುದರಿಂದ ಅವುಗಳ ಕ್ರಾಂತಿಕ ಬಿಂದುಗಳು ಸಾಮಾನ್ಯವಾಗಿ ಒಂದೆರಡಕ್ಕೆ ನಿಲ್ಲದೆ ಅನಂತ ಸಂಖ್ಯೆಯಲ್ಲಿ ಇರುತ್ತವೆ. ಆದುದರಿಂದ ನಿಷ್ಪನ್ನವನ್ನು ಕಂಡುಹಿಡಿಯುವುದಷ್ಟೇ ಸಾಲದು. ಅನಂತರ ದೊರೆಯುವ ತ್ರಿಕೋನಮಿತೀಯ ಸಮೀಕರಣದ ಎಲ್ಲ ಮೂಲಗಳನ್ನೂ ಬಿಡದೆ ಕಂಡುಹಿಡಿಯಬೇಕು. ಬಹುಪದೋಕ್ತಿಗಳಿಗೂ ಈ ಫಲನಗಳಿಗೂ ಇರುವ ಮುಖ್ಯ ವ್ಯತ್ಯಾಸ ಇದೇ.

## ಸಂಕೇತಗಳು

ಈ ಲೇಖನದಲ್ಲಿ ಚರವನ್ನು ಕ್ಷ ಎಂದೂ, ಫಲನವನ್ನು ಫ(ಕ್ಷ) ಎಂದೂ, ಅದರ ಮೊದಲ ಮತ್ತು ಎರಡನೆಯ ನಿಷ್ಪನ್ನಗಳನ್ನು ಕ್ರಮವಾಗಿ ಫ′(ಕ್ಷ), ಫ″(ಕ್ಷ) ಎಂದೂ ಬರೆಯಲಾಗಿದೆ. ನ ಎಂಬುದು ಯಾವುದೇ ಪೂರ್ಣಾಂಕ: 0, 1, 2, 3… ಹಾಗೂ −1, −2, −3… ಬೇರೆ ರೀತಿ ಹೇಳದಿದ್ದಲ್ಲಿ ಕೋನಗಳನ್ನು ರೇಡಿಯನ್‌ಗಳಲ್ಲಿ ಅಳೆಯಲಾಗಿದೆ; ಪೈ ರೇಡಿಯನ್ = 180 ಡಿಗ್ರಿ. [0, 2ಪೈ] ಎಂಬುದು ಎರಡು ತುದಿಗಳನ್ನೂ ಒಳಗೊಂಡ ಸಂವೃತ ಅಂತರಾಳ.

## ಐತಿಹಾಸಿಕ ಹಿನ್ನೆಲೆ

ಕ್ರಿ.ಶ. 499ರ ಆರ್ಯಭಟೀಯದಲ್ಲಿ ಆರ್ಯಭಟನು ಕಾಲು ವೃತ್ತವನ್ನು 3 ಡಿಗ್ರಿ 45 ಕಲೆಗಳ 24 ಭಾಗಗಳಾಗಿ ವಿಂಗಡಿಸಿ, ಪ್ರತಿ ಭಾಗದಲ್ಲಿ ಜ್ಯಾ ಎಷ್ಟು ಹೆಚ್ಚುತ್ತದೆಂಬ ವ್ಯತ್ಯಾಸಗಳನ್ನು ಕೊಟ್ಟಿದ್ದಾನೆ. ಮೊದಲನೆಯ ವ್ಯತ್ಯಾಸ 225. ಮುಂದೆ 224, 222, 219 ಎಂದು ಇಳಿಯುತ್ತ 90 ಡಿಗ್ರಿಯ ಸಮೀಪದಲ್ಲಿ ಕೊನೆಯವು 37, 22, 7 ಆಗುತ್ತವೆ. ಜ್ಯಾ ತನ್ನ ಪರಮಾವಧಿಯನ್ನು ಸಮೀಪಿಸಿದಂತೆ ಅದರ ಹೆಚ್ಚಳ ಶೂನ್ಯದತ್ತ ಸಾಗುವುದನ್ನು ಈ ಕೋಷ್ಟಕದಲ್ಲಿಯೇ ಕಾಣಬಹುದು. ಸಂಸ್ಕೃತದ ಜ್ಯಾ, ಜೀವಾ ಎಂಬ ಪದಗಳು ಅರಬ್ಬೀ ಭಾಷೆಯ ಮೂಲಕ ಹಾದು ಲ್ಯಾಟಿನ್ನಿನ ಸೈನಸ್ ಆಗಿ, ಇಂದಿನ ಸೈನ್ ಎಂಬ ಹೆಸರಿಗೆ ಕಾರಣವಾದವು.

ಎರಡನೆಯ ಭಾಸ್ಕರನು 1150ರಲ್ಲಿ ರಚಿಸಿದ ಸಿದ್ಧಾಂತ ಶಿರೋಮಣಿಯಲ್ಲಿ ಗ್ರಹಗಳ ತಾತ್ಕಾಲಿಕ ಗತಿಯನ್ನು ಲೆಕ್ಕ ಹಾಕುವಾಗ, ಜ್ಯಾದ ಅತ್ಯಲ್ಪ ಬದಲಾವಣೆಯು ಕೋಟಿಜ್ಯಾಗೆ ಅನುಪಾತದಲ್ಲಿರುವುದನ್ನು ಬಳಸಿದ್ದಾನೆ. ಗ್ರಹಕ್ಕೆ ಮಾಡಬೇಕಾದ ತಿದ್ದುಪಡಿ ಪರಮಾವಧಿಯಲ್ಲಿರುವಾಗ ಆ ತಿದ್ದುಪಡಿಯ ಬದಲಾವಣೆ ಶೂನ್ಯವಾಗುವುದನ್ನೂ ಅವನು ಗುರುತಿಸಿದ್ದಾನೆ.

ಯೂರೋಪಿನಲ್ಲಿ ಪಿಯರ್ ದ ಫರ್ಮಾ 17ನೆಯ ಶತಮಾನದ ಪೂರ್ವಾರ್ಧದಲ್ಲಿ ಗರಿಷ್ಠ–ಕನಿಷ್ಠಗಳನ್ನು ಕಂಡುಹಿಡಿಯುವ ವಿಧಾನವೊಂದನ್ನು ರೂಪಿಸಿದನು. ಲೈಬ್ನಿಟ್ಸ್ 1684ರಲ್ಲಿ ಪ್ರಕಟಿಸಿದ ಅವಕಲನದ ಮೊದಲ ಲೇಖನದ ಶೀರ್ಷಿಕೆಯಲ್ಲಿಯೇ ಗರಿಷ್ಠ ಮತ್ತು ಕನಿಷ್ಠ ಎಂಬ ಪದಗಳಿವೆ. ಲೆನಾರ್ಡ್ ಆಯ್ಲರ್ 1748ರ ತನ್ನ ಗ್ರಂಥದಲ್ಲಿ ಸೈನ್, ಕೊಸೈನ್‌ಗಳನ್ನು ರೇಖೆಗಳ ಉದ್ದಗಳೆಂದು ಭಾವಿಸದೆ ಫಲನಗಳೆಂದೇ ಪರಿಗಣಿಸಿದ ಮೇಲೆ ಈ ವಿಷಯ ಇಂದಿನ ರೂಪವನ್ನು ಪಡೆಯಿತು.

## ವ್ಯಾಖ್ಯೆ ಮತ್ತು ಆಧಾರ

ಒಂದು ಬಿಂದುವು ಫ(ಕ್ಷ)ದ ಕ್ರಾಂತಿಕ ಬಿಂದುವಾಗಬೇಕಾದರೆ ಎರಡು ನಿಬಂಧನೆಗಳು ಈಡೇರಬೇಕು.

1. ಆ ಬಿಂದುವಿನಲ್ಲಿ ಫಲನಕ್ಕೆ ಬೆಲೆ ಇರಬೇಕು.
2. ಅಲ್ಲಿ ಫ′(ಕ್ಷ) = 0 ಆಗಿರಬೇಕು, ಇಲ್ಲವೆ ಫ′(ಕ್ಷ) ಅಸ್ತಿತ್ವದಲ್ಲಿ ಇರಬಾರದು.

ಜ್ಯಾಮಿತೀಯವಾಗಿ, ಫ′(ಕ್ಷ) ಎಂಬುದು ವಕ್ರರೇಖೆಗೆ ಆ ಬಿಂದುವಿನಲ್ಲಿ ಎಳೆದ ಸ್ಪರ್ಶಕದ ಇಳಿಜಾರು. ಅದು ಶೂನ್ಯವಾದರೆ ಸ್ಪರ್ಶಕವು ಅಡ್ಡ ಅಕ್ಷಕ್ಕೆ ಸಮಾಂತರವಾಗಿರುತ್ತದೆ. ಗುಡ್ಡದ ನೆತ್ತಿಯಲ್ಲಿಯೂ ಕಣಿವೆಯ ತಳದಲ್ಲಿಯೂ ನೆಲ ಕ್ಷಣಮಾತ್ರ ಸಮತಟ್ಟಾಗಿರುವಂತೆ ಇದು.

ಅಂತರಾಳದ ಒಳಗಿನ ಒಂದು ಬಿಂದುವಿನಲ್ಲಿ ಫಲನವು ಸ್ಥಳೀಯ ಗರಿಷ್ಠ ಅಥವಾ ಸ್ಥಳೀಯ ಕನಿಷ್ಠ ಬೆಲೆಯನ್ನು ಪಡೆದರೆ, ಆ ಬಿಂದುವು ಕ್ರಾಂತಿಕ ಬಿಂದುವೇ ಆಗಿರುತ್ತದೆ. ಇದನ್ನು ಫರ್ಮಾನ ಪ್ರಮೇಯ ಎನ್ನುವರು. ಆದರೆ ಇದರ ವಿಲೋಮ ಸತ್ಯವಲ್ಲ: ಪ್ರತಿಯೊಂದು ಕ್ರಾಂತಿಕ ಬಿಂದುವೂ ಗರಿಷ್ಠ ಅಥವಾ ಕನಿಷ್ಠ ಬಿಂದುವಾಗಬೇಕಿಲ್ಲ. ಕ್ರಾಂತಿಕ ಬಿಂದುಗಳನ್ನು ಅಭ್ಯರ್ಥಿಗಳ ಪಟ್ಟಿ ಎಂದು ಭಾವಿಸುವುದು ಸೂಕ್ತ. ಆಯ್ಕೆಯು ಮುಂದಿನ ಪರೀಕ್ಷೆಯಿಂದ ಆಗಬೇಕು.

## ಆರು ಮೂಲ ಫಲನಗಳು

| ಫಲನ | ನಿಷ್ಪನ್ನ | ಕ್ರಾಂತಿಕ ಬಿಂದುಗಳು |
|---|---|---|
| ಸೈನ್ ಕ್ಷ | ಕಾಸ್ ಕ್ಷ | ಪೈ/2 + ನ ಪೈ |
| ಕಾಸ್ ಕ್ಷ | −ಸೈನ್ ಕ್ಷ | ನ ಪೈ |
| ಟ್ಯಾನ್ ಕ್ಷ | ಸೆಕ್² ಕ್ಷ | ಇಲ್ಲ |
| ಕಾಟ್ ಕ್ಷ | −ಕೊಸೆಕ್² ಕ್ಷ | ಇಲ್ಲ |
| ಸೆಕ್ ಕ್ಷ | ಸೆಕ್ ಕ್ಷ · ಟ್ಯಾನ್ ಕ್ಷ | ನ ಪೈ |
| ಕೊಸೆಕ್ ಕ್ಷ | −ಕೊಸೆಕ್ ಕ್ಷ · ಕಾಟ್ ಕ್ಷ | ಪೈ/2 + ನ ಪೈ |

ಟ್ಯಾನ್ ಕ್ಷದ ನಿಷ್ಪನ್ನವಾದ ಸೆಕ್² ಕ್ಷ ಎಂದಿಗೂ 1ಕ್ಕಿಂತ ಕಡಿಮೆಯಾಗದು. ಆದುದರಿಂದ ಅದು ಶೂನ್ಯವಾಗುವ ಪ್ರಶ್ನೆಯೇ ಇಲ್ಲ. ಪೈ/2ರಲ್ಲಿ ಸೆಕ್² ಕ್ಷಕ್ಕೆ ಬೆಲೆ ಇಲ್ಲವಲ್ಲ, ಅದು ಕ್ರಾಂತಿಕ ಬಿಂದುವಲ್ಲವೆ ಎಂಬ ಸಂದೇಹ ವಿದ್ಯಾರ್ಥಿಗಳಿಗೆ ಬರುವುದು ಸಹಜ. ಅಲ್ಲಿ ಟ್ಯಾನ್ ಕ್ಷಕ್ಕೇ ಬೆಲೆ ಇಲ್ಲವಾದ ಕಾರಣ ಮೊದಲನೆಯ ನಿಬಂಧನೆ ಈಡೇರುವುದಿಲ್ಲ. ಆದುದರಿಂದ ಅದು ಕ್ರಾಂತಿಕ ಬಿಂದುವಲ್ಲ.

ಸೆಕ್ ಕ್ಷದಲ್ಲಿ ಒಂದು ಸ್ವಾರಸ್ಯವಿದೆ. ಕ್ಷ = 0ಯಲ್ಲಿ ಅದರ ಬೆಲೆ 1; ಇದು ಸ್ಥಳೀಯ ಕನಿಷ್ಠ. ಕ್ಷ = ಪೈಯಲ್ಲಿ ಬೆಲೆ −1; ಇದು ಸ್ಥಳೀಯ ಗರಿಷ್ಠ. ಅಂದರೆ ಇಲ್ಲಿ ಸ್ಥಳೀಯ ಕನಿಷ್ಠ ಬೆಲೆಯು ಸ್ಥಳೀಯ ಗರಿಷ್ಠ ಬೆಲೆಗಿಂತ ಹೆಚ್ಚಾಗಿದೆ. ಸ್ಥಳೀಯ ಎಂಬ ವಿಶೇಷಣ ಸುತ್ತಮುತ್ತಲಿನ ಬೆಲೆಗಳ ಹೋಲಿಕೆಯನ್ನು ಮಾತ್ರ ಸೂಚಿಸುತ್ತದೆಂಬುದಕ್ಕೆ ಇದು ಒಳ್ಳೆಯ ನಿದರ್ಶನ.

## ಕಂಡುಹಿಡಿಯುವ ಕ್ರಮ

1. ಕ್ಷೇತ್ರವನ್ನು ಗುರುತಿಸುವುದು. ಫಲನಕ್ಕೆ ಎಲ್ಲೆಲ್ಲಿ ಬೆಲೆ ಇದೆ, ಎಲ್ಲಿ ಇಲ್ಲ ಎಂಬುದನ್ನು ಮೊದಲೇ ಬರೆದುಕೊಳ್ಳಬೇಕು.
2. ನಿಷ್ಪನ್ನವನ್ನು ಪಡೆಯುವುದು. ಗುಣಲಬ್ಧ ನಿಯಮ, ಭಾಗಲಬ್ಧ ನಿಯಮ, ಸರಪಳಿ ನಿಯಮಗಳನ್ನು ಅಗತ್ಯಕ್ಕೆ ತಕ್ಕಂತೆ ಬಳಸಬೇಕು.
3. ಅಪವರ್ತಿಸುವುದು. ಸೈನ್ 2ಕ್ಷ = 2 ಸೈನ್ ಕ್ಷ · ಕಾಸ್ ಕ್ಷ, ಕಾಸ್ 2ಕ್ಷ = 2 ಕಾಸ್² ಕ್ಷ − 1 ಮುಂತಾದ ನಿತ್ಯಸಮೀಕರಣಗಳ ನೆರವಿನಿಂದ ಎಲ್ಲ ಪದಗಳನ್ನೂ ಒಂದೇ ಕೋನಕ್ಕೆ ತಂದು, ನಿಷ್ಪನ್ನವನ್ನು ಗುಣಲಬ್ಧ ರೂಪದಲ್ಲಿ ಬರೆಯಬೇಕು.
4. ಪ್ರತಿಯೊಂದು ಅಪವರ್ತನವನ್ನೂ ಶೂನ್ಯಕ್ಕೆ ಸಮೀಕರಿಸುವುದು.
5. ಸಾಮಾನ್ಯ ಪರಿಹಾರವನ್ನು ಬರೆಯುವುದು. ಅನಂತರ ಕೊಟ್ಟ ಅಂತರಾಳದೊಳಗೆ ಬರುವ ಬೆಲೆಗಳನ್ನು ಆರಿಸಬೇಕು.
6. ನಿಷ್ಪನ್ನ ಇಲ್ಲದ ಬಿಂದುಗಳನ್ನು ಸೇರಿಸುವುದು, ಅವು ಕ್ಷೇತ್ರದಲ್ಲಿ ಇದ್ದರೆ ಮಾತ್ರ.

ಐದನೆಯ ಹಂತದಲ್ಲಿ ಈ ಸೂತ್ರಗಳು ಬೇಕಾಗುತ್ತವೆ:

- ಸೈನ್ ಕ್ಷ = 0 ಆದರೆ ಕ್ಷ = ನ ಪೈ
- ಕಾಸ್ ಕ್ಷ = 0 ಆದರೆ ಕ್ಷ = ಪೈ/2 + ನ ಪೈ
- ಕಾಸ್ ಕ್ಷ = ಕಾಸ್ ಅ ಆದರೆ ಕ್ಷ = 2ನ ಪೈ + ಅ ಅಥವಾ 2ನ ಪೈ − ಅ
- ಸೈನ್ ಕ್ಷ = ಸೈನ್ ಅ ಆದರೆ ಕ್ಷ = 2ನ ಪೈ + ಅ ಅಥವಾ (2ನ + 1) ಪೈ − ಅ
- ಟ್ಯಾನ್ ಕ್ಷ = ಟ್ಯಾನ್ ಅ ಆದರೆ ಕ್ಷ = ನ ಪೈ + ಅ

## ಸ್ವರೂಪ ನಿರ್ಣಯ

ದೊರೆತ ಬಿಂದುವು ಗರಿಷ್ಠವೋ ಕನಿಷ್ಠವೋ ಅಥವಾ ಎರಡೂ ಅಲ್ಲವೋ ಎಂದು ತಿಳಿಯಲು ಎರಡು ಪರೀಕ್ಷೆಗಳಿವೆ.

ಮೊದಲ ನಿಷ್ಪನ್ನ ಪರೀಕ್ಷೆ. ಫಲನವು ಆ ಬಿಂದುವಿನಲ್ಲಿ ಅವಿಚ್ಛಿನ್ನವಾಗಿದ್ದು, ಎಡದಿಂದ ಬಲಕ್ಕೆ ಆ ಬಿಂದುವನ್ನು ದಾಟುವಾಗ ಫ′(ಕ್ಷ) ಧನದಿಂದ ಋಣಕ್ಕೆ ಬದಲಾದರೆ ಅದು ಸ್ಥಳೀಯ ಗರಿಷ್ಠ. ಋಣದಿಂದ ಧನಕ್ಕೆ ಬದಲಾದರೆ ಸ್ಥಳೀಯ ಕನಿಷ್ಠ. ಎರಡೂ ಕಡೆ ಒಂದೇ ಚಿಹ್ನೆ ಇದ್ದರೆ ಎರಡೂ ಅಲ್ಲ.

ಎರಡನೆಯ ನಿಷ್ಪನ್ನ ಪರೀಕ್ಷೆ. ಫ′(ಕ್ಷ) = 0 ಆದ ಬಿಂದುವಿನಲ್ಲಿ ಫ″(ಕ್ಷ) ಋಣವಾದರೆ ಸ್ಥಳೀಯ ಗರಿಷ್ಠ, ಧನವಾದರೆ ಸ್ಥಳೀಯ ಕನಿಷ್ಠ. ಫ″(ಕ್ಷ) ಸಹ ಶೂನ್ಯವಾದರೆ ಈ ಪರೀಕ್ಷೆಯಿಂದ ಏನೂ ತಿಳಿಯದು. ಮೊದಲ ಪರೀಕ್ಷೆಗೆ ಮರಳಬೇಕು.

ಸಂವೃತ ಅಂತರಾಳದಲ್ಲಿ ಅವಿಚ್ಛಿನ್ನ ಫಲನದ ನಿರಪೇಕ್ಷ ಗರಿಷ್ಠ ಹಾಗೂ ನಿರಪೇಕ್ಷ ಕನಿಷ್ಠ ಬೆಲೆಗಳು ಬೇಕಾದಾಗ, ಕ್ರಾಂತಿಕ ಬಿಂದುಗಳಲ್ಲಿಯೂ ಎರಡು ತುದಿಗಳಲ್ಲಿಯೂ ಫಲನದ ಬೆಲೆಯನ್ನು ಲೆಕ್ಕ ಹಾಕಿ ಹೋಲಿಸಿದರೆ ಸಾಕು.

## ಉದಾಹರಣೆಗಳು

### 1. ಸೈನ್ ಮತ್ತು ಕೊಸೈನ್‌ಗಳ ಮೊತ್ತ

ಫ(ಕ್ಷ) = ಸೈನ್ ಕ್ಷ + ಕಾಸ್ ಕ್ಷ, ಅಂತರಾಳ [0, 2ಪೈ].

ಫ′(ಕ್ಷ) = ಕಾಸ್ ಕ್ಷ − ಸೈನ್ ಕ್ಷ. ಇದು ಶೂನ್ಯವಾಗಲು ಟ್ಯಾನ್ ಕ್ಷ = 1 ಆಗಬೇಕು. (ಕಾಸ್ ಕ್ಷ = 0 ಆದಾಗ ಸೈನ್ ಕ್ಷ ಶೂನ್ಯವಾಗದ ಕಾರಣ ಕಾಸ್ ಕ್ಷದಿಂದ ಭಾಗಿಸುವುದರಲ್ಲಿ ಇಲ್ಲಿ ದೋಷವಿಲ್ಲ.) ಆದುದರಿಂದ ಕ್ಷ = ಪೈ/4 ಮತ್ತು 5ಪೈ/4. ಮೊದಲನೆಯದರಲ್ಲಿ ಬೆಲೆ √2, ಗರಿಷ್ಠ. ಎರಡನೆಯದರಲ್ಲಿ −√2, ಕನಿಷ್ಠ. ತುದಿಗಳಲ್ಲಿ ಬೆಲೆ 1. ಇದೇ ರೀತಿ, ಅ, ಬ ಸ್ಥಿರಾಂಕಗಳಾದಾಗ ಅ ಸೈನ್ ಕ್ಷ + ಬ ಕಾಸ್ ಕ್ಷ ಎಂಬುದರ ಗರಿಷ್ಠ ಬೆಲೆ √(ಅ² + ಬ²) ಎಂದು ತೋರಿಸಬಹುದು.

### 2. ಅಪವರ್ತನವನ್ನು ಕಳೆದುಕೊಳ್ಳುವ ಅಪಾಯ

ಫ(ಕ್ಷ) = ಸೈನ್² ಕ್ಷ + ಕಾಸ್ ಕ್ಷ, ಅಂತರಾಳ [0, 2ಪೈ].

ಫ′(ಕ್ಷ) = 2 ಸೈನ್ ಕ್ಷ · ಕಾಸ್ ಕ್ಷ − ಸೈನ್ ಕ್ಷ = ಸೈನ್ ಕ್ಷ (2 ಕಾಸ್ ಕ್ಷ − 1).

ಇಲ್ಲಿ ಎರಡೂ ಬದಿಗಳನ್ನು ಸೈನ್ ಕ್ಷದಿಂದ ಭಾಗಿಸಿಬಿಟ್ಟರೆ ಕಾಸ್ ಕ್ಷ = 1/2 ಎಂಬುದಷ್ಟೇ ಉಳಿದು ಪೈ/3 ಮತ್ತು 5ಪೈ/3 ಮಾತ್ರ ದೊರೆಯುತ್ತವೆ. ಸೈನ್ ಕ್ಷ = 0 ಎಂಬ ಅಪವರ್ತನದಿಂದ ಅಂತರಾಳದ ಒಳಗೆ ಪೈ ಎಂಬ ಬಿಂದುವೂ, ತುದಿಗಳಾದ 0 ಮತ್ತು 2ಪೈಗಳೂ ಬರಬೇಕಾಗಿತ್ತು. ಬೆಲೆಗಳು ಹೀಗಿವೆ: ಪೈ/3 ಮತ್ತು 5ಪೈ/3ರಲ್ಲಿ 5/4, ಪೈಯಲ್ಲಿ −1, 0 ಮತ್ತು 2ಪೈಗಳಲ್ಲಿ 1. ಕನಿಷ್ಠ ಬೆಲೆ ಇರುವುದು ಪೈಯಲ್ಲಿಯೇ. ಅವಸರದ ಒಂದು ಭಾಗಾಕಾರದಿಂದ ಉತ್ತರದ ಅರ್ಧವೇ ಕೈತಪ್ಪುತ್ತದೆ.

### 3. ಗರಿಷ್ಠವೂ ಅಲ್ಲದ, ಕನಿಷ್ಠವೂ ಅಲ್ಲದ ಬಿಂದು

ಫ(ಕ್ಷ) = 2 ಸೈನ್ ಕ್ಷ + ಸೈನ್ 2ಕ್ಷ, ಅಂತರಾಳ [0, 2ಪೈ].

ಫ′(ಕ್ಷ) = 2 ಕಾಸ್ ಕ್ಷ + 2 ಕಾಸ್ 2ಕ್ಷ. ಕಾಸ್ 2ಕ್ಷದ ಬದಲು 2 ಕಾಸ್² ಕ್ಷ − 1 ಎಂದು ಬರೆದರೆ ಕಾಸ್ ಕ್ಷದಲ್ಲಿ ಒಂದು ವರ್ಗಸಮೀಕರಣ ದೊರೆಯುತ್ತದೆ:

ಫ′(ಕ್ಷ) = 2 (2 ಕಾಸ್ ಕ್ಷ − 1)(ಕಾಸ್ ಕ್ಷ + 1).

ಕಾಸ್ ಕ್ಷ = 1/2ರಿಂದ ಪೈ/3, 5ಪೈ/3; ಕಾಸ್ ಕ್ಷ = −1ರಿಂದ ಪೈ. ಪೈ/3ರಲ್ಲಿ ಬೆಲೆ 3√3/2, ಅಂದರೆ ಸುಮಾರು 2.598, ಗರಿಷ್ಠ, 5ಪೈ/3ರಲ್ಲಿ ಅಷ್ಟೇ ಪ್ರಮಾಣದ ಋಣ ಬೆಲೆ, ಕನಿಷ್ಠ.

ಪೈಯಲ್ಲಿ ಫ″(ಕ್ಷ) = −2 ಸೈನ್ ಕ್ಷ − 4 ಸೈನ್ 2ಕ್ಷ ಶೂನ್ಯವಾಗುವುದರಿಂದ ಎರಡನೆಯ ಪರೀಕ್ಷೆ ವಿಫಲವಾಗುತ್ತದೆ. ಪೈಯ ಎರಡೂ ಮಗ್ಗುಲಲ್ಲಿ (2 ಕಾಸ್ ಕ್ಷ − 1) ಋಣವಾಗಿಯೂ (ಕಾಸ್ ಕ್ಷ + 1) ಧನವಾಗಿಯೂ ಇರುವುದರಿಂದ ಫ′(ಕ್ಷ) ಎರಡೂ ಕಡೆ ಋಣವೇ. ವಕ್ರರೇಖೆಯು ಇಳಿಯುತ್ತ ಬಂದು, ಪೈಯಲ್ಲಿ ಕ್ಷಣಕಾಲ ಸಮತಟ್ಟಾಗಿ, ಮತ್ತೆ ಇಳಿಯುತ್ತದೆ.

### 4. ತುದಿಗಳೇ ಗೆಲ್ಲುವ ಪ್ರಸಂಗ

ಫ(ಕ್ಷ) = ಕ್ಷ + 2 ಸೈನ್ ಕ್ಷ, ಅಂತರಾಳ [0, 2ಪೈ].

ಫ′(ಕ್ಷ) = 1 + 2 ಕಾಸ್ ಕ್ಷ. ಇದು ಶೂನ್ಯವಾಗಲು ಕಾಸ್ ಕ್ಷ = −1/2; ಕ್ಷ = 2ಪೈ/3 ಮತ್ತು 4ಪೈ/3. ಮೊದಲನೆಯದರಲ್ಲಿ ಸ್ಥಳೀಯ ಗರಿಷ್ಠ, ಬೆಲೆ ಸುಮಾರು 3.826, ಎರಡನೆಯದರಲ್ಲಿ ಸ್ಥಳೀಯ ಕನಿಷ್ಠ, ಬೆಲೆ ಸುಮಾರು 2.457. ಆದರೆ ತುದಿಗಳಲ್ಲಿ ನೋಡಿದರೆ ಕ್ಷ = 0ಯಲ್ಲಿ ಬೆಲೆ 0, ಕ್ಷ = 2ಪೈಯಲ್ಲಿ ಸುಮಾರು 6.283. ನಿರಪೇಕ್ಷ ಕನಿಷ್ಠವೂ ನಿರಪೇಕ್ಷ ಗರಿಷ್ಠವೂ ತುದಿಗಳಲ್ಲಿಯೇ ಇವೆ.

### 5. ನಿಷ್ಪನ್ನವಿಲ್ಲದ ಬಿಂದುಗಳು

ಫ(ಕ್ಷ) = |ಸೈನ್ ಕ್ಷ|. ಸೈನ್ ಕ್ಷದ ಋಣ ಭಾಗಗಳನ್ನು ಅಡ್ಡ ಅಕ್ಷದ ಮೇಲಕ್ಕೆ ಮಡಿಸಿದಾಗ ಈ ಫಲನದ ನಕ್ಷೆ ದೊರೆಯುತ್ತದೆ. ಕ್ಷ = ನ ಪೈಗಳಲ್ಲಿ ಎಡಬದಿಯ ಇಳಿಜಾರು −1, ಬಲಬದಿಯದು +1; ಎರಡೂ ಬೇರೆಯಾದ ಕಾರಣ ಅಲ್ಲಿ ನಿಷ್ಪನ್ನವಿಲ್ಲ. ಆದರೆ ಫಲನಕ್ಕೆ ಬೆಲೆ ಇದೆ. ಹೀಗಾಗಿ ಇವು ಕ್ರಾಂತಿಕ ಬಿಂದುಗಳು, ಮತ್ತು ಕನಿಷ್ಠ ಬೆಲೆಯಾದ 0 ದೊರೆಯುವುದು ಇಲ್ಲಿಯೇ. ಫ′(ಕ್ಷ) = 0 ಎಂಬುದನ್ನು ಮಾತ್ರ ಬಿಡಿಸುವವರಿಗೆ ಪೈ/2 + ನ ಪೈಗಳಲ್ಲಿರುವ ಗರಿಷ್ಠ ಬಿಂದುಗಳು ಸಿಗುತ್ತವೆಯೇ ಹೊರತು ಕನಿಷ್ಠ ಬಿಂದುಗಳು ಸಿಗುವುದಿಲ್ಲ.

### 6. ಸೂತ್ರಕ್ಕೆ ಸಿಗದ ಮೂಲ

ಫ(ಕ್ಷ) = ಕ್ಷ ಸೈನ್ ಕ್ಷ, ಅಂತರಾಳ [0, ಪೈ].

ಗುಣಲಬ್ಧ ನಿಯಮದಿಂದ ಫ′(ಕ್ಷ) = ಸೈನ್ ಕ್ಷ + ಕ್ಷ ಕಾಸ್ ಕ್ಷ. ಇದನ್ನು ಶೂನ್ಯಕ್ಕೆ ಸಮೀಕರಿಸಿದರೆ ಟ್ಯಾನ್ ಕ್ಷ = −ಕ್ಷ ಎಂದಾಗುತ್ತದೆ. ಕ್ಷ = 0 ಒಂದು ಮೂಲ. ಇನ್ನೊಂದನ್ನು ಪರಿಚಿತ ಕೋನಗಳ ರೂಪದಲ್ಲಿ ಬರೆಯಲಾಗದು. ನ್ಯೂಟನ್ನನ ಅಂದಾಜು ವಿಧಾನದಿಂದ ಅದು ಸುಮಾರು 2.029 ಎಂದು ತಿಳಿಯುತ್ತದೆ. ಅಲ್ಲಿ ಫಲನದ ಬೆಲೆ ಸುಮಾರು 1.820, ಗರಿಷ್ಠ. ಪಠ್ಯಪುಸ್ತಕದ ಹೊರಗೆ ಎದುರಾಗುವ ಸಮಸ್ಯೆಗಳಲ್ಲಿ ಇಂಥ ಸಮೀಕರಣಗಳೇ ಹೆಚ್ಚು.

## ಗಮನಿಸಬೇಕಾದ ಅಂಶಗಳು

ಗುಣಿತ ಕೋನಗಳು. ಫ(ಕ್ಷ) = ಸೈನ್ 3ಕ್ಷ ಆದಾಗ ಕಾಸ್ 3ಕ್ಷ = 0 ಎಂಬುದನ್ನು ಬಿಡಿಸಬೇಕು. ಕ್ಷವು 0ಯಿಂದ 2ಪೈವರೆಗೆ ಸಾಗಿದಾಗ 3ಕ್ಷವು 0ಯಿಂದ 6ಪೈವರೆಗೆ ಸಾಗುತ್ತದೆ. ಆದುದರಿಂದ 3ಕ್ಷಕ್ಕೆ ಪೈ/2, 3ಪೈ/2 ಎಂಬ ಎರಡು ಬೆಲೆಗಳಲ್ಲಿ ನಿಲ್ಲಿಸದೆ 11ಪೈ/2ವರೆಗಿನ ಆರೂ ಬೆಲೆಗಳನ್ನು ತೆಗೆದುಕೊಳ್ಳಬೇಕು. ಆಗ ಕ್ಷ = ಪೈ/6, ಪೈ/2, 5ಪೈ/6, 7ಪೈ/6, 3ಪೈ/2, 11ಪೈ/6.

ಡಿಗ್ರಿ ಮತ್ತು ರೇಡಿಯನ್. ಸೈನ್ ಕ್ಷದ ನಿಷ್ಪನ್ನ ಕಾಸ್ ಕ್ಷ ಎಂಬುದು ಕೋನವು ರೇಡಿಯನ್‌ನಲ್ಲಿರುವಾಗ ಮಾತ್ರ ಸತ್ಯ. ಡಿಗ್ರಿಗಳಲ್ಲಿ ಅಳೆದರೆ ನಿಷ್ಪನ್ನವನ್ನು ಪೈ/180ರಿಂದ ಗುಣಿಸಬೇಕು. ಸೈನ್ ಕ್ಷ + ಕಾಸ್ ಕ್ಷದಂತಹ ಶುದ್ಧ ತ್ರಿಕೋನಮಿತೀಯ ಫಲನಗಳಲ್ಲಿ ಇದರಿಂದ ಉತ್ತರ ಕೆಡುವುದಿಲ್ಲ. ಪೈ/4ರ ಬದಲು 45 ಡಿಗ್ರಿ ಎಂದು ಬರುತ್ತದೆ, ಅಷ್ಟೇ. ಆದರೆ ನಾಲ್ಕನೆಯ ಉದಾಹರಣೆಯ ಕ್ಷ + 2 ಸೈನ್ ಕ್ಷದಲ್ಲಿ ಕ್ಷವನ್ನು ಡಿಗ್ರಿಯೆಂದು ತೆಗೆದುಕೊಂಡರೆ ನಿಷ್ಪನ್ನವು 1 + (ಪೈ/90) ಕಾಸ್ ಕ್ಷ ಆಗುತ್ತದೆ. ಪೈ/90 ಎಂದರೆ ಸುಮಾರು 0.035 ಮಾತ್ರ, ಆದುದರಿಂದ ಈ ನಿಷ್ಪನ್ನ ಎಂದಿಗೂ ಶೂನ್ಯವಾಗದು, ಕ್ರಾಂತಿಕ ಬಿಂದುಗಳೇ ಇರುವುದಿಲ್ಲ. ಗಣಕಯಂತ್ರವನ್ನು ಬಳಸುವಾಗ ಅದು ಯಾವ ಮಾನದಲ್ಲಿದೆ ಎಂದು ನೋಡಿಕೊಳ್ಳುವುದು ಈ ಕಾರಣದಿಂದ ಅವಶ್ಯಕ.

ಮೂಲಗಳಿಲ್ಲದ ಸಮೀಕರಣ. ಫ(ಕ್ಷ) = 2ಕ್ಷ + ಸೈನ್ ಕ್ಷದಲ್ಲಿ ಫ′(ಕ್ಷ) = 2 + ಕಾಸ್ ಕ್ಷ. ಕಾಸ್ ಕ್ಷ = −2 ಆಗುವುದು ಅಸಾಧ್ಯವಾದುದರಿಂದ ಕ್ರಾಂತಿಕ ಬಿಂದುಗಳಿಲ್ಲ; ಫಲನವು ಸದಾ ಏರುತ್ತಲೇ ಇರುತ್ತದೆ. ಕ್ರಾಂತಿಕ ಬಿಂದುಗಳಿಲ್ಲ ಎಂಬುದೂ ಒಂದು ಪೂರ್ಣ ಉತ್ತರವೇ.

## ಅನ್ವಯಗಳು

### ತಗಡಿನ ದೋಣಿ

ಮಾಡಿನ ಅಂಚಿನಲ್ಲಿ ಮಳೆನೀರು ಹರಿಸಲು 30 ಸೆಂ.ಮೀ. ಅಗಲದ ತಗಡನ್ನು 10 ಸೆಂ.ಮೀ.ಗಳ ಮೂರು ಸಮಭಾಗ ಮಾಡಿ, ಎರಡು ಪಕ್ಕಗಳನ್ನು ಮೇಲಕ್ಕೆ ಬಾಗಿಸಿ ದೋಣಿ ಮಾಡುವುದಿದೆಯೆನ್ನೋಣ. ಪಕ್ಕಗಳು ತಳದ ಮಟ್ಟದಿಂದ ಕ್ಷ ಕೋನದಷ್ಟು ಎದ್ದಿದ್ದರೆ ಅಡ್ಡಕೊಯ್ತದ ವಿಸ್ತೀರ್ಣ 100 (1 + ಕಾಸ್ ಕ್ಷ) ಸೈನ್ ಕ್ಷ ಚದರ ಸೆಂ.ಮೀ. ಇದು ಮೂರನೆಯ ಉದಾಹರಣೆಯ ಫಲನದ 50ರಷ್ಟು. ಆದುದರಿಂದ ಕ್ಷ = ಪೈ/3, ಅಂದರೆ 60 ಡಿಗ್ರಿಯಲ್ಲಿ ವಿಸ್ತೀರ್ಣ ಗರಿಷ್ಠ, ಸುಮಾರು 129.9 ಚದರ ಸೆಂ.ಮೀ. ಪಕ್ಕಗಳನ್ನು ನೆಟ್ಟಗೆ 90 ಡಿಗ್ರಿಗೆ ನಿಲ್ಲಿಸಿದರೆ 100 ಚದರ ಸೆಂ.ಮೀ. ಮಾತ್ರ. ಅದೇ ತಗಡು, ಅದೇ ಖರ್ಚು. ಕೋನದ ಆಯ್ಕೆಯೊಂದರಿಂದಲೇ ಸುಮಾರು ಶೇಕಡ 30ರಷ್ಟು ಹೆಚ್ಚಿನ ಜಾಗ ದೊರೆಯುತ್ತದೆ.

### ತಿರುವಿನಲ್ಲಿ ಏಣಿ

ಲಂಬಕೋನದಲ್ಲಿ ಕೂಡುವ ಎರಡು ಓಣಿಗಳ ಅಗಲ ಅ ಮತ್ತು ಬ ಆದರೆ, ನೆಲದ ಮಟ್ಟದಲ್ಲಿಯೇ ಹಿಡಿದು ಆ ತಿರುವನ್ನು ದಾಟಿಸಬಹುದಾದ ಅತಿ ಉದ್ದದ ಏಣಿ ಯಾವುದು? ತಿರುವಿನ ಒಳಮೂಲೆಯನ್ನು ತಾಗುತ್ತ ಎರಡೂ ಹೊರಗೋಡೆಗಳನ್ನು ಮುಟ್ಟುವ ರೇಖೆಯ ಉದ್ದ ಅ ಸೆಕ್ ಕ್ಷ + ಬ ಕೊಸೆಕ್ ಕ್ಷ. ಇದರ ಕನಿಷ್ಠ ಬೆಲೆಯೇ ಏಣಿಯ ಗರಿಷ್ಠ ಉದ್ದ. ನಿಷ್ಪನ್ನವನ್ನು ಶೂನ್ಯಕ್ಕೆ ಸಮೀಕರಿಸಿದರೆ ಟ್ಯಾನ್³ ಕ್ಷ = ಬ/ಅ. ಎರಡೂ ಓಣಿಗಳು 1 ಮೀಟರ್ ಅಗಲವಿದ್ದರೆ ಕೋನ 45 ಡಿಗ್ರಿ, ಉದ್ದ 2√2 ಮೀಟರ್, ಅಂದರೆ ಸುಮಾರು 2.83 ಮೀಟರ್. ಏಣಿಯ ಅಗಲವನ್ನು ಇಲ್ಲಿ ಗಣನೆಗೆ ತೆಗೆದುಕೊಂಡಿಲ್ಲ.

### ಎಸೆದ ವಸ್ತುವಿನ ವ್ಯಾಪ್ತಿ

ಗಾಳಿಯ ತಡೆಯನ್ನು ಗಣಿಸದಿದ್ದರೆ, ಸಮತಲ ನೆಲದಿಂದ ಕ್ಷ ಕೋನದಲ್ಲಿ ಎಸೆದ ವಸ್ತುವು ತಲುಪುವ ದೂರವು ಸೈನ್ 2ಕ್ಷಕ್ಕೆ ಅನುಪಾತದಲ್ಲಿರುತ್ತದೆ. ಕಾಸ್ 2ಕ್ಷ = 0 ಆಗುವುದು 45 ಡಿಗ್ರಿಯಲ್ಲಿ; ಅಲ್ಲಿ ದೂರ ಗರಿಷ್ಠ. ಕೋನವು 40 ಅಥವಾ 50 ಡಿಗ್ರಿಗೆ ಸರಿದರೂ ದೂರದಲ್ಲಿ ಆಗುವ ನಷ್ಟ ಸುಮಾರು ಶೇಕಡ 1.5 ಮಾತ್ರ. ನಿಷ್ಪನ್ನ ಶೂನ್ಯವಾಗುವ ಗರಿಷ್ಠದ ಬಳಿ ಸಣ್ಣ ತಪ್ಪಿಗೆ ದಂಡ ಅತ್ಯಲ್ಪ.

### ಅಯನಾಂತ

ವರ್ಷವಿಡೀ ಸೂರ್ಯನು ಆಕಾಶದ ವಿಷುವದ್ವೃತ್ತದಿಂದ ಉತ್ತರಕ್ಕೂ ದಕ್ಷಿಣಕ್ಕೂ ಸರಿಯುತ್ತಾನೆ. ಈ ಸರಿತವನ್ನು ಖಗೋಳಶಾಸ್ತ್ರದಲ್ಲಿ ಕ್ರಾಂತಿ ಎನ್ನುವರು; ಕ್ರಾಂತಿಕ ಬಿಂದು ಎಂಬ ಗಣಿತದ ಪಾರಿಭಾಷಿಕ ಪದದೊಡನೆ ಇದನ್ನು ಬೆರೆಸಬಾರದು. ಕ್ರಾಂತಿಯ ಸೈನ್ ಬೆಲೆಯು ಸೂರ್ಯನ ರೇಖಾಂಶದ ಸೈನ್ ಬೆಲೆಗೆ ಅನುಪಾತದಲ್ಲಿರುವುದರಿಂದ, ರೇಖಾಂಶ 90 ಮತ್ತು 270 ಡಿಗ್ರಿ ಆದಾಗ, ಅಂದರೆ ಜೂನ್ 21 ಹಾಗೂ ಡಿಸೆಂಬರ್ 22ರ ಸುಮಾರಿಗೆ, ಅದರ ನಿಷ್ಪನ್ನ ಶೂನ್ಯವಾಗುತ್ತದೆ. ವಿಷುವದ ದಿನಗಳಲ್ಲಿ ಸೂರ್ಯನು ಒಂದೇ ದಿನದಲ್ಲಿ ಸುಮಾರು 0.4 ಡಿಗ್ರಿ ಸರಿದರೆ, ಅಯನಾಂತದ ಬಳಿ ಅಷ್ಟು ಸರಿಯಲು ಸುಮಾರು ಹತ್ತು ದಿನಗಳು ಬೇಕು. ಆ ದಿನಗಳಲ್ಲಿ ಹಗಲಿನ ಉದ್ದ ಬದಲಾಗದೆ ನಿಂತಂತೆ ಕಾಣುವುದು ಇದೇ ಕಾರಣದಿಂದ. ಮಕರ ಸಂಕ್ರಾಂತಿಯನ್ನು ಇಂದು ಜನವರಿ 14 ಅಥವಾ 15ರಂದು ಆಚರಿಸಲಾಗುತ್ತಿದ್ದರೂ, ಸೂರ್ಯನು ಉತ್ತರಾಭಿಮುಖನಾಗುವ ಈ ಬಿಂದು ಇರುವುದು ಡಿಸೆಂಬರ್‌ನಲ್ಲಿ.

### ಕಾಮನಬಿಲ್ಲು

ಮಳೆಹನಿಯೊಳಗೆ ಹೊಕ್ಕು, ಒಳಗೆ ಒಮ್ಮೆ ಪ್ರತಿಫಲಿಸಿ ಹೊರಬರುವ ಕಿರಣದ ವಿಚಲನವು 180 + 2ಪ − 4ವ ಡಿಗ್ರಿ. ಇಲ್ಲಿ ಪ ಎಂಬುದು ಪತನ ಕೋನ, ವ ಎಂಬುದು ವಕ್ರೀಭವನ ಕೋನ; ನೀರಿನ ವಕ್ರೀಭವನಾಂಕ ಸುಮಾರು 4/3 ಆದುದರಿಂದ ಸೈನ್ ಪ = (4/3) ಸೈನ್ ವ. ವಿಚಲನದ ನಿಷ್ಪನ್ನವನ್ನು ಶೂನ್ಯಕ್ಕೆ ಸಮೀಕರಿಸಿದರೆ ಕಾಸ್² ಪ = 7/27 ಎಂದು ದೊರೆಯುತ್ತದೆ; ಪ ಸುಮಾರು 59.4 ಡಿಗ್ರಿ, ವ ಸುಮಾರು 40.2 ಡಿಗ್ರಿ, ವಿಚಲನ ಸುಮಾರು 138 ಡಿಗ್ರಿ. ಇದು ಕನಿಷ್ಠ ಬೆಲೆ.

ಪತನ ಕೋನವು 50ರಿಂದ 70 ಡಿಗ್ರಿವರೆಗೆ ಬದಲಾದರೂ ವಿಚಲನವು 138ರಿಂದ 141 ಡಿಗ್ರಿಗಳ ಒಳಗೇ ಇರುತ್ತದೆ. ಹೀಗಾಗಿ ಹನಿಯ ಬೇರೆ ಬೇರೆ ಕಡೆ ಬಿದ್ದ ಕಿರಣಗಳು ಹೆಚ್ಚುಕಡಿಮೆ ಒಂದೇ ದಿಕ್ಕಿನಲ್ಲಿ ಒಟ್ಟುಗೂಡಿ ಹೊರಬರುತ್ತವೆ, ಆ ದಿಕ್ಕು ಹೊಳೆಯುತ್ತದೆ. ಸೂರ್ಯನಿಗೆ ಬೆನ್ನು ಮಾಡಿ ನಿಂತವರಿಗೆ, ಸೂರ್ಯನ ನೇರ ಎದುರು ದಿಕ್ಕಿನಿಂದ 180 − 138 = 42 ಡಿಗ್ರಿಯಲ್ಲಿ ಬಿಲ್ಲು ಕಾಣುತ್ತದೆ. ಬಣ್ಣದಿಂದ ಬಣ್ಣಕ್ಕೆ ವಕ್ರೀಭವನಾಂಕ ತುಸು ಬೇರೆಯಾದ ಕಾರಣ ಕ್ರಾಂತಿಕ ಬಿಂದುವೂ ತುಸು ಸರಿದು, ಕೆಂಪು ಹೊರಗೂ ನೇರಳೆ ಒಳಗೂ ಬರುತ್ತವೆ. ರೆನೆ ಡೆಕಾರ್ಟ್ 1637ರಲ್ಲಿ, ಅವಕಲನ ಇನ್ನೂ ಹುಟ್ಟಿರದ ಕಾಲದಲ್ಲಿ, ಒಂದೊಂದು ಕಿರಣವನ್ನೂ ಲೆಕ್ಕ ಹಾಕಿ ಕೋಷ್ಟಕ ರಚಿಸಿ ಈ ಫಲಿತಾಂಶವನ್ನು ತಲುಪಿದನು. ಇಂದು ಅದೇ ಉತ್ತರವನ್ನು ಒಂದು ನಿಷ್ಪನ್ನದ ನೆರವಿನಿಂದ ನಾಲ್ಕಾರು ಸಾಲುಗಳಲ್ಲಿ ಪಡೆಯಬಹುದು.

## ಇವನ್ನೂ ನೋಡಿ

- ಕಲನಶಾಸ್ತ್ರ
- ತ್ರಿಕೋನಮಿತಿ
- ಗರಿಷ್ಠ ಮತ್ತು ಕನಿಷ್ಠ
- ಆರ್ಯಭಟ
- ಎರಡನೆಯ ಭಾಸ್ಕರ
- ಕಾಮನಬಿಲ್ಲು